ಮನೆಯೊಳಗಿನ ದೇವರಿಗೆ ಯಾರ ತಕರಾರೂ ಇಲ್ಲ

(ಉಪನ್ಯಾಸದ ಬರಹ ರೂಪ. ಓದಿಗೆ ತೊಡಕಾಗುವ ಕಡೆ ಮಾತ್ರ ತಿದ್ದಿದ್ದೇನೆ, ಮಾತಿನ ಧಾಟಿಯನ್ನು ಹಾಗೆಯೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಧರ್ಮ ಅವರವರ ಮನೆಯೊಳಗೆ ಇರಲಿ, ಬೀದಿಗೆ ಬರುವುದು ಬೇಡ." ಈ ಮಾತನ್ನು ನೀವೆಲ್ಲ ಕೇಳಿದ್ದೀರಿ, ಎಷ್ಟೋ ಜನ ಆಡಿಯೂ ಇರುತ್ತೀರಿ. ಕಿವಿಗೆ ಹಿತವಾದ ಮಾತು. ಯಾರ ಪಕ್ಷವನ್ನೂ ವಹಿಸದ, ಎಲ್ಲರಿಗೂ ಒಂದೇ ಅಳತೆಗೋಲು ಹಿಡಿಯುವ, ತಿಳಿದವರು ಆಡಬೇಕಾದ ಮಾತು ಅನ್ನಿಸುತ್ತದೆ. ಇವತ್ತು ನನಗೆ ಕೊಟ್ಟಿರುವ ಹೊತ್ತಿನಲ್ಲಿ ಈ ಮಾತಿನ ಮೇಲೇ ತಕರಾರು ತೆಗೆಯೋಣ ಅಂತಿದ್ದೇನೆ. ಕಣ್ಣಿಗೆ ಬೀಳದ್ದನ್ನು, ಕಿವಿಗೆ ತಾಗದ್ದನ್ನು ಯಾರು ಬೇಕಾದರೂ ಸಹಿಸುತ್ತಾರೆ. ಅದಕ್ಕೆ ಸಹನೆ ಅಂತ ಹೆಸರಿಡುವುದು ಸ್ವಲ್ಪ ಹೆಚ್ಚಾಯಿತು.

ಈ ಮಾತು ಹೊಸದೂ ಅಲ್ಲ. ಪ್ರಜಾಪ್ರಭುತ್ವ ಹುಟ್ಟುವ ಮೊದಲೇ ಚಕ್ರವರ್ತಿಗಳು ಇದನ್ನು ಆಡಿದ್ದಾರೆ. 1781ರಲ್ಲಿ ಆಸ್ಟ್ರಿಯಾದ ಎರಡನೆಯ ಜೋಸೆಫ್ ಒಂದು ಸಹನೆಯ ಶಾಸನ ಹೊರಡಿಸಿದ. ಕ್ಯಾಥೊಲಿಕ್ ಸಾಮ್ರಾಜ್ಯ ಅದು. ಲೂಥರ್ ಪಂಥದವರು, ಕ್ಯಾಲ್ವಿನ್ ಪಂಥದವರು, ಪೂರ್ವದ ಆರ್ಥೊಡಾಕ್ಸ್ ಕ್ರೈಸ್ತರು ಇನ್ನು ಮುಂದೆ ತಮ್ಮ ರೀತಿಯಲ್ಲಿ ಪ್ರಾರ್ಥಿಸಬಹುದು, ನೂರು ಕುಟುಂಬಗಳು ಇರುವ ಕಡೆ ಪ್ರಾರ್ಥನಾ ಮನೆ ಕಟ್ಟಿಕೊಳ್ಳಬಹುದು ಅಂತ ಅದು ಹೇಳಿತು. ಆ ಕಾಲಕ್ಕೆ ದೊಡ್ಡ ಹೆಜ್ಜೆಯೇ. ಆದರೆ ಷರತ್ತುಗಳನ್ನು ನೋಡಿ: ಗಂಟೆ ಇರಕೂಡದು, ಗೋಪುರ ಇರಕೂಡದು, ಬೀದಿಯ ಕಡೆಯಿಂದ ಬಾಗಿಲು ಇರಕೂಡದು. ನೋಡಿದರೆ ಚರ್ಚು ಅನ್ನಿಸಬಾರದು. ಇದ್ದೀಯಾ, ಇರು, ಇದ್ದೀಯೆಂದು ತೋರಿಸಬೇಡ.

ಅದಕ್ಕೂ ನೂರು ವರ್ಷ ಮೊದಲು ಡಚ್ಚರು ಇದನ್ನೇ ಇನ್ನೂ ನಯವಾಗಿ ಮಾಡಿದ್ದರು. ಆಮ್‌ಸ್ಟರ್‌ಡ್ಯಾಮಿನ ಕಾಲುವೆಯೊಂದರ ದಂಡೆಯಲ್ಲಿ ಒಂದು ವ್ಯಾಪಾರಿಯ ಮನೆ ಇದೆ. ಹೊರಗಿನಿಂದ ನೋಡಿದರೆ ಮನೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಅಟ್ಟದಲ್ಲಿ ಇಡೀ ಒಂದು ಕ್ಯಾಥೊಲಿಕ್ ಚರ್ಚು. 1663ರಲ್ಲಿ ಪೂರ್ತಿಯಾದದ್ದು, ಈಗ ವಸ್ತುಸಂಗ್ರಹಾಲಯ. ಅಧಿಕಾರಿಗಳಿಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಚೆನ್ನಾಗಿಯೇ ಗೊತ್ತಿತ್ತು. ಬೀದಿಯಿಂದ ಕಾಣದಿದ್ದರೆ ಸಾಕು ಅನ್ನುವುದು ಒಳ ಒಪ್ಪಂದ. ಯುರೋಪಿನ ಬೇರೆ ಕಡೆ ಪರಪಂಥದವರನ್ನು ಓಡಿಸುತ್ತಿದ್ದ ಕಾಲದಲ್ಲಿ ಈ ಅಟ್ಟ ಒಂದು ಕರುಣೆಯೇ. ಆ ಕರುಣೆಯನ್ನು ನಾನು ಹಗುರಮಾಡುವುದಿಲ್ಲ. ಆದರೆ ಅಟ್ಟದಲ್ಲಿ ಪ್ರಾರ್ಥಿಸುವವನಿಗೆ ಪ್ರತಿ ಭಾನುವಾರವೂ ಒಂದು ಪಾಠ ಆಗುತ್ತಿತ್ತು: ಈ ಊರು ನಿನ್ನದಲ್ಲ, ನಿನ್ನನ್ನು ಇಟ್ಟುಕೊಂಡಿದ್ದೇವೆ ಅಷ್ಟೆ.

ಇದೆಲ್ಲ ಹಳೆಯ ಕತೆ ಅಂತೀರೇನೋ. 2009ರ ನವೆಂಬರ್ 29ರಂದು ಸ್ವಿಟ್ಜರ್ಲೆಂಡಿನ ಮತದಾರರು ಹೊಸ ಮಿನಾರುಗಳನ್ನು ಕಟ್ಟುವುದನ್ನು ಸಂವಿಧಾನದಲ್ಲೇ ನಿಷೇಧಿಸಿದರು. ಶೇಕಡಾ 57ಕ್ಕೂ ಹೆಚ್ಚು ಮತ ನಿಷೇಧದ ಪರ ಬಿತ್ತು. ಆ ಹೊತ್ತಿಗೆ ಇಡೀ ದೇಶದಲ್ಲಿ ಇದ್ದ ಮಿನಾರುಗಳು ನಾಲ್ಕು. ಮಸೀದಿ ಕಟ್ಟಬಹುದು, ನಮಾಜು ಮಾಡಬಹುದು, ಗೋಪುರ ಮಾತ್ರ ಬೇಡ. ಜೋಸೆಫ್ ಚಕ್ರವರ್ತಿ ಇದ್ದಿದ್ದರೆ ಈ ಷರತ್ತಿನ ಗುರುತು ಹಿಡಿಯುತ್ತಿದ್ದ.

ಈಗ ಇದರ ಎದುರಿಗೆ ಇನ್ನೊಂದು ಶಾಸನ ಇಡುತ್ತೇನೆ. 1368, ಶ್ರವಣಬೆಳಗೊಳ. ಬುಕ್ಕರಾಯನ ಶಾಸನ. ಸೌಹಾರ್ದದ ಭಾಷಣಗಳಲ್ಲಿ ಇದು ಬಂದೇ ಬರುತ್ತದೆ, ನಾನೂ ಅದರಿಂದ ತಪ್ಪಿಸಿಕೊಳ್ಳಲಿಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ. ತಮಗೆ ಅನ್ಯಾಯವಾಗುತ್ತಿದೆ ಅಂತ ಜೈನರು ರಾಯನಲ್ಲಿ ದೂರಿಕೊಂಡರು. ರಾಯ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟು, ಈ ಎರಡು ದರ್ಶನಗಳಿಗೆ ಭೇದವಿಲ್ಲ ಅಂದ. ನಾವು ಎಲ್ಲರೂ ನೆನಪಿಟ್ಟುಕೊಂಡಿರುವುದು ಇಷ್ಟನ್ನೇ, ಚಿತ್ರ ಚೆನ್ನಾಗಿದೆಯಲ್ಲ! ಆದರೆ ಶಾಸನ ಅಲ್ಲಿಗೆ ನಿಲ್ಲುವುದಿಲ್ಲ. ಜೈನ ದರ್ಶನಕ್ಕೆ ಪೂರ್ವದಿಂದ ಸಲ್ಲುತ್ತ ಬಂದ ಪಂಚಮಹಾವಾದ್ಯ ಮತ್ತು ಕಳಶ ಇನ್ನು ಮುಂದೆಯೂ ಸಲ್ಲುತ್ತವೆ ಅನ್ನುತ್ತದೆ. ವಾದ್ಯ ಅಂದರೆ ಬೀದಿಯಲ್ಲಿ ಮೊಳಗುವುದು. ಕಳಶ ಅಂದರೆ ನಾಲ್ಕು ಜನರ ಮುಂದೆ ಹಿಡಿಯುವ ಮರ್ಯಾದೆ. ಜೈನರು ಬಸದಿಯೊಳಗೆ ಏನು ನಂಬಬೇಕು ಅನ್ನುವುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಎಲ್ಲರ ಕಣ್ಣೆದುರಿಗೆ, ಎಲ್ಲರ ಕಿವಿಗೆ ಬೀಳುವಂತೆ ತಮ್ಮ ದೇವರನ್ನು ಹೊತ್ತು ನಡೆಯಬಹುದೇ, ಪ್ರಶ್ನೆ ಇದ್ದದ್ದು ಅದು. ರಾಯ ನಡೆಯಬಹುದು ಅಂದ. ಜೈನರಿಗೆ ಹಾನಿಯಾದರೆ ಅದು ನಿಮಗೇ ಆದ ಹಾನಿ ಅಂತ ವೈಷ್ಣವರಿಗೂ ತಿಳಿಸಿದ.

ಅರಸನ ಅಪ್ಪಣೆಯನ್ನು ಇವತ್ತಿನ ಹಕ್ಕಿನ ಲೆಕ್ಕಕ್ಕೆ ನೇರವಾಗಿ ತರಲಾಗದು, ಒಪ್ಪುತ್ತೇನೆ. ಆದರೂ ಜೋಸೆಫ್ ಎಲ್ಲಿ ಬಾಗಿಲು ಹಾಕಿದನೋ ಅಲ್ಲಿಯೇ ಬುಕ್ಕ ಬಾಗಿಲು ತೆರೆದ, ಅದೂ ನಾನ್ನೂರು ವರ್ಷ ಮೊದಲು.

ಸರಿ, ಹಾಗಾದರೆ ಬೀದಿಯಲ್ಲಿ ಏನು ಮಾಡಿದರೂ ನಡೆಯುತ್ತದೆಯೇ? ಇಲ್ಲ. ಆದರೆ ಎಲ್ಲಿ ತಡೆಯಬೇಕು ಅನ್ನುವುದಕ್ಕೆ ನಮಗೆ ಸಾಮಾನ್ಯವಾಗಿ ಸಿಗುವ ಕಾರಣ ಇದು: "ನನಗೆ ನೋಡಲಾಗುವುದಿಲ್ಲ." ಇದು ನಿಜವಾದ ಭಾವನೆ, ನಾಟಕ ಅಲ್ಲ. ತನ್ನದಲ್ಲದ ದೇವರ ಚಿಹ್ನೆಯನ್ನು ದಿನವೂ ಕಾಣುವುದು ಕೆಲವರಿಗೆ ಕಸಿವಿಸಿ, ಯಾವ ದೇವರನ್ನೂ ನಂಬದವರಿಗೆ ಇನ್ನೂ ಹೆಚ್ಚಿನ ಕಸಿವಿಸಿ. ಆದರೆ ಆ ಕಸಿವಿಸಿ ಇಲ್ಲದಿದ್ದರೆ ಸಹನೆಗೆ ಕೆಲಸವೇ ಇರುವುದಿಲ್ಲ. ನನಗೆ ಇಷ್ಟವಾದುದನ್ನು ನಾನು ಸಹಿಸಬೇಕಿಲ್ಲ, ಸವಿಯುತ್ತೇನೆ. ಅದೇ ರೀತಿ, ಸಹಿಸಿ ಅಂದರೆ ಗೌರವಿಸಿ ಅಂತ ಅರ್ಥವಲ್ಲ. ಪಕ್ಕದವನ ಮೆರವಣಿಗೆ ಶುದ್ಧ ಮೌಢ್ಯ ಅಂತ ನನಗೆ ಅನ್ನಿಸಬಹುದು. ಹಾಗಂತ ನಾನು ಬರೆಯಬಹುದು, ಭಾಷಣ ಮಾಡಬಹುದು. ತಡೆಯುವಂತಿಲ್ಲ ಅಷ್ಟೆ. ಗೌರವ ಕೇಳುವುದು ದೊಡ್ಡ ಬೇಡಿಕೆ, ಅದನ್ನು ಕಾನೂನಿನಿಂದ ವಸೂಲಿ ಮಾಡಲಾಗುವುದಿಲ್ಲ.

ನೋಡಲಾಗದು ಅನ್ನುವುದು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ನ್ಯೂಜೆರ್ಸಿಯ ಟೆನಫ್ಲೈ ಎಂಬ ಪಟ್ಟಣದ ಪ್ರಸಂಗ ನೋಡಿ. ಆಚಾರವಂತ ಯೆಹೂದ್ಯರಿಗೆ ಸಬ್ಬತ್ ದಿನ, ಅಂದರೆ ವಾರದ ವಿಶ್ರಾಂತಿಯ ದಿನ, ಮನೆಯಿಂದಾಚೆ ಏನನ್ನೂ ಹೊತ್ತೊಯ್ಯುವಂತಿಲ್ಲ, ಮಗುವಿನ ತಳ್ಳುಗಾಡಿಯನ್ನೂ ತಳ್ಳುವಂತಿಲ್ಲ. ಆದರೆ ಒಂದು ಪ್ರದೇಶದ ಸುತ್ತ ಗಡಿ ಗುರುತು ಹಾಕಿದರೆ ಅಷ್ಟೂ ಜಾಗ ಒಂದೇ ಮನೆಯಂತೆ ಲೆಕ್ಕ. ಇದಕ್ಕೆ ಎರುವ್ ಅನ್ನುತ್ತಾರೆ. ಟೆನಫ್ಲೈಯಲ್ಲಿ ಈ ಗುರುತು ಏನಾಗಿತ್ತು? ಹೇಗೂ ಇದ್ದ ಕಂಬಗಳಿಗೆ, ತಂತಿಗಳಿಗೆ ಹೊಂದಿಸಿ ಹಚ್ಚಿದ ತೆಳ್ಳನೆಯ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳು. ತೋರಿಸಿಕೊಡದಿದ್ದರೆ ಯಾರ ಕಣ್ಣಿಗೂ ಬೀಳವು. ಆದರೂ ಊರಿನ ಆಡಳಿತ ತೆಗೆಯಿರಿ ಅಂದಿತು. ಕಂಬಗಳಿಗೆ ಏನನ್ನೂ ಅಂಟಿಸಕೂಡದು ಅನ್ನುವ ನಿಯಮ ಇತ್ತು, ನಿಜ. ಆದರೆ ಅದೇ ಕಂಬಗಳ ಮೇಲೆ ಕಳೆದುಹೋದ ಸಾಕುಪ್ರಾಣಿಗಳ ಚೀಟಿ, ಚರ್ಚಿಗೆ ದಾರಿ ತೋರುವ ಫಲಕ, ಮನೆಯ ಸಂಖ್ಯೆ ಎಲ್ಲವೂ ಇದ್ದವು, ಅವನ್ನು ಯಾರೂ ಕೇಳಿರಲಿಲ್ಲ. 2002ರಲ್ಲಿ ಮೇಲ್ಮನವಿ ನ್ಯಾಯಾಲಯ ಆಡಳಿತದ ವಿರುದ್ಧ ನಿಂತದ್ದು ಈ ಕಾರಣಕ್ಕೇ: ಉಳಿದವರಿಗೆಲ್ಲ ಕಣ್ಣು ಮುಚ್ಚಿ, ಇವರಿಗೆ ಮಾತ್ರ ನಿಯಮ ಓದಿಹೇಳಿದ್ದೀರಿ.

ಜಗತ್ತಿನಾದ್ಯಂತ ನಡೆಯುವುದು ಹೆಚ್ಚಾಗಿ ಹೀಗೆಯೇ. ಯಾರೂ "ನಿಮ್ಮ ಧರ್ಮ ಬೇಡ" ಅನ್ನುವುದಿಲ್ಲ. ಕಟ್ಟಡದ ಎತ್ತರ, ವಾಹನ ನಿಲುಗಡೆ, ಸ್ವಚ್ಛತೆ, ಸಂಚಾರ ಇವುಗಳ ನಿಯಮ ಬೀರುವಿನಿಂದ ಹೊರಬರುತ್ತದೆ. ನಿಯಮ ತಪ್ಪಲ್ಲ. ಬಹುಸಂಖ್ಯಾತರ ಉತ್ಸವದ ದಿನ ಅದು ಎಲ್ಲಿತ್ತು ಅಂತ ಮಾತ್ರ ಕೇಳಬೇಕು. 2016ರ ಬೇಸಿಗೆಯಲ್ಲಿ ಫ್ರಾನ್ಸಿನ ಕೆಲವು ಕರಾವಳಿ ಊರುಗಳು ಮೈತುಂಬ ಮುಚ್ಚುವ ಈಜುಡುಗೆ, ಅಂದರೆ ಬುರ್ಕಿನಿ, ಕಡಲತೀರದಲ್ಲಿ ಬೇಡ ಅಂದವು. ಶಾಂತಿ ಕದಡುತ್ತದೆ, ನೈರ್ಮಲ್ಯದ ಪ್ರಶ್ನೆ ಅಂತ ಕಾರಣ ಕೊಟ್ಟರು. ಆಗಸ್ಟ್ 26ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂಥ ಒಂದು ಆದೇಶವನ್ನು ಅಮಾನತಿನಲ್ಲಿಟ್ಟಿತು. ಸಾರ್ವಜನಿಕ ಶಾಂತಿಗೆ ಅಪಾಯ ಇದೆ ಅಂತ ತೋರಿಸದೆ ತಡೆಯುವಂತಿಲ್ಲ, ಜನರ ಆತಂಕ ಒಂದೇ ಸಾಲದು ಅಂತ ಹೇಳಿತು. ಶಾಲೆಗಳಲ್ಲಿ ಎದ್ದು ಕಾಣುವ ಧಾರ್ಮಿಕ ಚಿಹ್ನೆಗಳನ್ನು 2004ರಲ್ಲೇ ನಿಷೇಧಿಸಿದ ದೇಶದ ನ್ಯಾಯಾಲಯ ಇದು ಅನ್ನುವುದನ್ನು ಮರೆಯಬೇಡಿ.

ಕಣ್ಣಿನ ವಿಚಾರದಲ್ಲಿ ನನ್ನ ನಿಲುವು ಸಡಿಲ. ಕಿವಿಯ ವಿಚಾರದಲ್ಲಿ ಅಷ್ಟು ಸಡಿಲ ಇಲ್ಲ. ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ನೋಡಲೊಲ್ಲದವನು ಮುಖ ತಿರುಗಿಸಬಹುದು, ನಿದ್ದೆಯಲ್ಲಿರುವವನು ಕಿವಿ ತಿರುಗಿಸಲಾರ. ಚೆನ್ನೈಯ ಬಡಾವಣೆಯೊಂದರಲ್ಲಿ ಒಂದು ಚರ್ಚಿನ ಧ್ವನಿವರ್ಧಕದ ಬಗ್ಗೆ ಸುತ್ತಲಿನವರು ದೂರಿದಾಗ ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2000ದ ಆಗಸ್ಟಿನಲ್ಲಿ ಬಂದ ತೀರ್ಪು, ಇತರರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಅಂತಾಗಲೀ ಧ್ವನಿವರ್ಧಕ ಹಚ್ಚಿ ಪ್ರಾರ್ಥಿಸಿ ಅಂತಾಗಲೀ ಯಾವ ಧರ್ಮವೂ ವಿಧಿಸಿಲ್ಲ ಅಂದಿತು. ಫಲಿತಾಂಶ ನನಗೆ ಒಪ್ಪಿಗೆ. ಕಾರಣ ಪೂರ್ತಿ ಒಪ್ಪಿಗೆಯಿಲ್ಲ. ಧರ್ಮ ಏನು ವಿಧಿಸುತ್ತದೆ ಅಂತ ನ್ಯಾಯಾಧೀಶರು ಏಕೆ ಹೇಳಬೇಕು? ವಿಧಿಸಿದ್ದರೂ ಮಲಗಿದವನ ನಿದ್ದೆ ಕೆಡಿಸುವ ಹಕ್ಕು ಬರುವುದಿಲ್ಲ ಅಂದರೆ ಸಾಕಿತ್ತು. ಭಾರತದ ಶಬ್ದಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಅಂತ ಮಿತಿ ಹಾಕುತ್ತದೆ. ಆ ಅಂಕಿಗೆ ದೇವರು ಯಾರೆಂದು ಗೊತ್ತಿಲ್ಲ. ಮದುವೆಯ ದಿಬ್ಬಣವೋ, ಚುನಾವಣೆಯ ಪ್ರಚಾರವೋ, ಭಜನೆಯೋ, ಆಜಾನೋ ಅದಕ್ಕೆ ಒಂದೇ. ನನಗೆ ಅದೇ ಇಷ್ಟ. ಮಿಷಿಗನ್ ರಾಜ್ಯದ ಹ್ಯಾಮ್‌ಟ್ರ್ಯಾಮಿಕ್ ಎಂಬ ಪುಟ್ಟ ಪಟ್ಟಣ 2004ರಲ್ಲಿ ಇದನ್ನು ಊರಿನ ಮಟ್ಟದಲ್ಲೇ ಬಗೆಹರಿಸಿಕೊಂಡಿತು. ಮಸೀದಿಯೊಂದು ಆಜಾನನ್ನು ಹೊರಗೆ ಕೇಳಿಸಲು ಅನುಮತಿ ಕೇಳಿದಾಗ ದೊಡ್ಡ ಗದ್ದಲ ಎದ್ದಿತು. ಚರ್ಚುಗಳ ಗಂಟೆ ಬಹಳ ಕಾಲದಿಂದ ಹೊಡೆಯುತ್ತಲೇ ಇತ್ತು, ಯಾರೂ ಅದನ್ನು ಸದ್ದು ಅಂತ ಎಣಿಸಿರಲಿಲ್ಲ. ಊರಿನ ಸಭೆ ಸದ್ದಿನ ಕಾಯಿದೆ ತಿದ್ದಿ ಅನುಮತಿ ಕೊಟ್ಟಿತು, ಹೊತ್ತು ಮತ್ತು ಮಟ್ಟ ನಿಗದಿಮಾಡುವ ಅಧಿಕಾರವನ್ನು ತನ್ನಲ್ಲೇ ಇಟ್ಟುಕೊಂಡಿತು. ವಿಷಯ ಮತದಾನಕ್ಕೆ ಹೋದಾಗ ಜನರೂ ಅದನ್ನು ಉಳಿಸಿಕೊಂಡರು.

ರಸ್ತೆ ಅಡ್ಡಗಟ್ಟುವುದು, ಒತ್ತುವರಿ ಮಾಡಿ ಗುಡಿ ಮಸೀದಿ ಎಬ್ಬಿಸುವುದು, ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಲ್ಲಿ ಹೋಗುತ್ತಿರುವುದು ಎಲ್ಲರ ಜಾಗ, ಅದನ್ನು ದೇವರ ಹೆಸರಿನಲ್ಲಿ ನುಂಗಿದರೂ ನುಂಗಿದ್ದೇ.

ಕಷ್ಟ ಇರುವುದು ಬೇರೊಂದು ಕಡೆ. ಪ್ರದರ್ಶನ ತನ್ನ ದೇವರಿಗಾಗಿಯೋ, ಎದುರುಮನೆಯವನಿಗಾಗಿಯೋ? ಮೆರವಣಿಗೆ ಎಲ್ಲ ಕಡೆ ಸುಮ್ಮನೆ ಸಾಗಿ, ಇನ್ನೊಬ್ಬರ ಪ್ರಾರ್ಥನಾಸ್ಥಳದ ಮುಂದೆ ಬಂದಾಗ ಮಾತ್ರ ಡೋಲು ಜೋರಾದರೆ ಏನು ಹೇಳುತ್ತೀರಿ? ಈ ಪ್ರಶ್ನೆಯನ್ನು ಉತ್ತರ ಐರ್ಲೆಂಡಿನಷ್ಟು ಅನುಭವಿಸಿದ ನಾಡು ಕಡಿಮೆ. ಅಲ್ಲಿ ಪ್ರಾಟೆಸ್ಟೆಂಟ್ ಸಂಘಗಳು ಪ್ರತಿವರ್ಷ ಮೆರವಣಿಗೆ ಹೊರಡುತ್ತವೆ. ಕೆಲವು ದಾರಿಗಳು ಕ್ಯಾಥೊಲಿಕ್ಕರ ಬೀದಿಗಳಲ್ಲಿ, ಚರ್ಚುಗಳ ಮುಂದೆ ಹಾದುಹೋಗುತ್ತವೆ. ಜಗಳ ಮಿತಿಮೀರಿದ ಮೇಲೆ 1998ರ ಕಾಯಿದೆಯ ಮೂಲಕ ಇದಕ್ಕೆಂದೇ ಮೆರವಣಿಗೆಗಳ ಆಯೋಗಕ್ಕೆ ಅಧಿಕಾರ ಕೊಟ್ಟರು. ಎಲ್ಲಿ ಹೋಗಬೇಕು, ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ವಾದ್ಯ ನಿಲ್ಲಿಸಬೇಕು ಅಂತ ಅದು ತೀರ್ಮಾನಿಸುತ್ತದೆ. 2012ರ ಜುಲೈಯಲ್ಲಿ ಬೆಲ್‌ಫಾಸ್ಟಿನ ಸೇಂಟ್ ಪ್ಯಾಟ್ರಿಕ್ ಚರ್ಚಿನ ಮುಂದೆ ಒಂದು ವಾದ್ಯತಂಡ ನಿಂತಲ್ಲೇ ಸುತ್ತುಹಾಕುತ್ತ, ಕ್ಯಾಥೊಲಿಕ್ಕರನ್ನು ಚುಚ್ಚುವ ಹಾಡಿನದೆಂದು ಹೆಸರಾದ ರಾಗವನ್ನು ನುಡಿಸಿತು. ಮುಂದಿನ ತಿಂಗಳ ಮೆರವಣಿಗೆಗೆ ಆಯೋಗ ಆ ಚರ್ಚಿನ ಮುಂದೆ ಸಂಗೀತಕ್ಕೆ ನಿರ್ಬಂಧ ಹಾಕಿತು. ತಂಡಗಳು ಅದನ್ನು ಮೀರಿ ನುಡಿಸಿದವು, ಗಲಭೆಯಾಯಿತು. ಮೆರವಣಿಗೆ ನಡೆಸಿದ ಸಂಘವೇ ಆಮೇಲೆ ಆ ಚರ್ಚಿನ ಪಾದ್ರಿಗಳಲ್ಲಿ, ಭಕ್ತರಲ್ಲಿ ಕ್ಷಮೆ ಕೇಳಿತು.

ಈ ಆಯೋಗದ ತೀರ್ಮಾನಗಳಲ್ಲಿ ಒಂದು ಷರತ್ತು ಮತ್ತೆ ಮತ್ತೆ ಬರುತ್ತದೆ: ಚರ್ಚಿನ ಮುಂದೆ ಹಾದುಹೋಗುವಷ್ಟು ದೂರ ಒಂಟಿ ಡೋಲಿನ ಪೆಟ್ಟು ಮಾತ್ರ, ಹೆಜ್ಜೆ ತಪ್ಪದಿರಲು ಎಷ್ಟು ಬೇಕೋ ಅಷ್ಟು. ನನಗೆ ಇದು ಬಹಳ ಹಿಡಿಸಿದೆ. ಮೆರವಣಿಗೆ ನಿಲ್ಲುವುದಿಲ್ಲ, ಬಾವುಟ ಇಳಿಯುವುದಿಲ್ಲ. ಎದುರಿಗಿನವನ ಬಾಗಿಲಿಗೆ ಗುರಿಯಿಟ್ಟ ಸದ್ದು ಮಾತ್ರ ಇಳಿಯುತ್ತದೆ. "ಇದು ನಮ್ಮ ಪುರಾತನ ದಾರಿ" ಅನ್ನುವವರಿಗೆ ದಾರಿ ಸಿಗುತ್ತದೆ. ನಿಜವಾಗಿ ದಾರಿಯಷ್ಟೇ ಬೇಕಾಗಿದ್ದವರು ಇದನ್ನು ಒಪ್ಪುತ್ತಾರೆ. ಒಪ್ಪದವರಿಗೆ ಬೇಕಾಗಿದ್ದದ್ದು ಏನು ಅನ್ನುವುದೂ ಗೊತ್ತಾಗುತ್ತದೆ.

ಇಷ್ಟು ಹೊತ್ತು ನಾನು ಮಾತಾಡಿದ್ದು ಜನರ ಪ್ರದರ್ಶನದ ಬಗ್ಗೆ. ಸರಕಾರವೇ ಚಿಹ್ನೆ ತೂಗುಹಾಕಿದರೆ? ಇಲ್ಲಿ ನನ್ನ ಸಹನೆ ಕಡಿಮೆ. ಬೀದಿಯಲ್ಲಿ ಹೋಗುವ ಭಕ್ತ ತನ್ನ ಹೆಸರಿನಲ್ಲಿ ಮಾತಾಡುತ್ತಾನೆ, ಕಚೇರಿಯ ಗೋಡೆ ನನ್ನ ಹೆಸರಿನಲ್ಲೂ ಮಾತಾಡುತ್ತದೆ. ಇಟಲಿಯ ಸರಕಾರಿ ಶಾಲೆಗಳ ಕೊಠಡಿಗಳಲ್ಲಿ ಶಿಲುಬೆ ಇರುತ್ತದೆ. ಒಬ್ಬ ತಾಯಿ ಇದನ್ನು ಪ್ರಶ್ನಿಸಿದಾಗ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ಒಮ್ಮತದಿಂದ ಆಕೆಯ ಪರ ತೀರ್ಪು ಕೊಟ್ಟಿತು. 2011ರಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠ 15-2ರ ಬಹುಮತದಿಂದ ಅದನ್ನು ಮಗುಚಿತು. ಗೋಡೆಯ ಮೇಲಿನ ಶಿಲುಬೆ ತಾನಾಗಿ ಏನನ್ನೂ ಬೋಧಿಸುವುದಿಲ್ಲ, ಅದು ನಿಷ್ಕ್ರಿಯ ಚಿಹ್ನೆ ಅನ್ನುವುದು ಅದರ ವಾದ. ಇದನ್ನು ಕೇಳಿ ಯಾರಿಗೆ ಸಂತೋಷವಾಗಬೇಕು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಭಕ್ತನ ದೃಷ್ಟಿಯಲ್ಲಿ ಅದು ಜಗತ್ತನ್ನೇ ಉದ್ಧರಿಸಿದ ಗುರುತು. ನ್ಯಾಯಾಲಯ ಅದಕ್ಕೆ ಶಕ್ತಿಯೇ ಇಲ್ಲ ಅಂದಿದ್ದರಿಂದ ಅದು ಗೋಡೆಯ ಮೇಲೆ ಉಳಿಯಿತು.

2018ರಲ್ಲಿ ಜರ್ಮನಿಯ ಬವೇರಿಯಾ ರಾಜ್ಯದ ಮುಖ್ಯಸ್ಥ ಮಾರ್ಕುಸ್ ಝೋಡರ್ ಎಲ್ಲ ಸರಕಾರಿ ಕಟ್ಟಡಗಳ ಪ್ರವೇಶದಲ್ಲಿ ಶಿಲುಬೆ ಹಾಕಬೇಕು ಅಂದಾಗ ಕೊಟ್ಟ ಕಾರಣವೂ ಇಂಥದ್ದೇ: ಇದು ನಮ್ಮ ನಾಡಿನ ಗುರುತು, ಸಂಸ್ಕೃತಿ. ವಿರೋಧಿಸಿದವರಲ್ಲಿ ಮ್ಯೂನಿಕ್ಕಿನ ಆರ್ಚ್‌ಬಿಷಪ್ ಕಾರ್ಡಿನಲ್ ಮಾರ್ಕ್ಸ್ ಕೂಡ ಇದ್ದರು. ಶಿಲುಬೆಯನ್ನು ಬರೀ ಸಂಸ್ಕೃತಿಯ ಚಿಹ್ನೆ ಅಂದರೆ ಅದು ಏನೆಂದು ಅರ್ಥವೇ ಆಗಿಲ್ಲ ಎಂಬುದು ಅವರ ತಕರಾರು. ಸರಕಾರ ತನ್ನ ಧರ್ಮವನ್ನು ಗೋಡೆಗೆ ಏರಿಸಿದಾಗ ಸಂಭ್ರಮಿಸುವವರು ಈ ಪಾದ್ರಿಯ ಮಾತು ಕೇಳಬೇಕು. (2023ರಲ್ಲಿ ಜರ್ಮನಿಯ ಅತ್ಯುನ್ನತ ಆಡಳಿತ ನ್ಯಾಯಾಲಯ ಶಿಲುಬೆ ಇರಲಿ ಅಂದಿತು. ನನ್ನ ವಾದಕ್ಕೆ ನ್ಯಾಯಾಲಯಗಳು ಹೆಚ್ಚು ಆಸರೆ ಕೊಡುತ್ತಿಲ್ಲ ಅನ್ನುವುದನ್ನು ನೀವು ಗಮನಿಸಿರಬಹುದು.)

ಸರಕಾರಿ ಜಾಗವನ್ನು ಜನರಿಗೇ ಬಿಟ್ಟುಕೊಟ್ಟರೆ ಮಾತು ಬೇರೆ. ಬೋಸ್ಟನ್ ನಗರಸಭೆಯ ಮುಂದೆ ಮೂರು ಧ್ವಜಸ್ತಂಭಗಳಿವೆ. ಒಂದರಲ್ಲಿ ಸಂಘಸಂಸ್ಥೆಗಳು ತಮ್ಮ ಸಮಾರಂಭದ ಹೊತ್ತಿಗೆ ತಮ್ಮ ಬಾವುಟ ಏರಿಸಬಹುದಿತ್ತು. ಹನ್ನೆರಡು ವರ್ಷ ಕೇಳಿದವರಿಗೆಲ್ಲ ಕೊಟ್ಟು, ಶಿಲುಬೆ ಇರುವ ಕ್ರೈಸ್ತ ಬಾವುಟ ಬಂದಾಗ ಇಲ್ಲ ಅಂದರು. 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಇದು ತಪ್ಪು ಅಂದರು. ಎಲ್ಲರಿಗೂ ತೆರೆದ ಮೇಲೆ ಧರ್ಮಕ್ಕೆ ಮಾತ್ರ ಮುಚ್ಚಲಾಗದು.

ಅದೇ ವರ್ಷ, ಅದೇ ನ್ಯಾಯಾಲಯ ಇನ್ನೊಂದು ತೀರ್ಪು ಕೊಟ್ಟಿತು. ಸರಕಾರಿ ಶಾಲೆಯ ಫುಟ್‌ಬಾಲ್ ತರಬೇತುದಾರರೊಬ್ಬರು ಆಟ ಮುಗಿದ ಮೇಲೆ ಮೈದಾನದ ನಡುವೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ನ್ಯಾಯಾಲಯ 6-3ರಲ್ಲಿ ಅವರ ಪರ ನಿಂತಿತು. ನಾನು ಆ ಮೂವರ ಕಡೆ. ಮುಂದಿನ ಪಂದ್ಯದಲ್ಲಿ ಯಾರು ಆಡಬೇಕು ಅಂತ ನಿರ್ಧರಿಸುವವರು ಮೊಣಕಾಲೂರಿದರೆ, ಬೆಂಚಿನ ಮೇಲೆ ಕೂತ ಹದಿನೈದರ ಹುಡುಗ ಏನು ಮಾಡುತ್ತಾನೆ? ಅವನನ್ನು ಯಾರೂ ಕರೆದಿಲ್ಲ, ನಿಜ. ಕರೆಯಬೇಕಾಗಿಯೂ ಇಲ್ಲ.

ಉಡುಗೆ, ಆಭರಣಗಳ ಬಗ್ಗೆ ಒಂದೇ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. 2013ರ ಜನವರಿಯಲ್ಲಿ ಯುರೋಪಿನ ಅದೇ ನ್ಯಾಯಾಲಯ ಬ್ರಿಟನ್ನಿನ ಇಬ್ಬರು ಹೆಂಗಸರ ಅಹವಾಲನ್ನು ಒಟ್ಟಿಗೆ ತೀರ್ಮಾನಿಸಿತು. ಇಬ್ಬರದ್ದೂ ಕೊರಳಿನ ಸಣ್ಣ ಶಿಲುಬೆ. ವಿಮಾನ ಕಂಪನಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದವರು ಗೆದ್ದರು. ಕಂಪನಿಯ ಅಂದಚೆಂದ ಅವರ ನಂಬಿಕೆಗಿಂತ ಮಿಗಿಲಲ್ಲ. ಆಸ್ಪತ್ರೆಯ ನರ್ಸ್ ಸೋತರು. ರೋಗಿ ಸರವನ್ನು ಹಿಡಿದೆಳೆದು ಪೆಟ್ಟಾಗಬಹುದು ಅನ್ನುವ ಆಸ್ಪತ್ರೆಯ ಕಾರಣವನ್ನು ನ್ಯಾಯಾಲಯ ಒಪ್ಪಿತು. ಶಿಲುಬೆ ಎರಡು ಕಡೆಯೂ ಒಂದೇ. ಯಾರಿಗೆ ಏನಾಗಬಹುದು ಅನ್ನುವುದಷ್ಟೇ ಬೇರೆ.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು ಎದ್ದು, "ದೇವರೇ ಇಲ್ಲ ಅನ್ನುವವರ ಪ್ರದರ್ಶನವನ್ನೂ ಹೀಗೆಯೇ ಸಹಿಸಬೇಕೇ?" ಅಂತ ಕೇಳಿದರು. ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಸಹಿಸಬೇಕು. 2009ರ ಜನವರಿಯಲ್ಲಿ ಬ್ರಿಟನ್ನಿನ ನೂರಾರು ಬಸ್ಸುಗಳ ಮೇಲೆ, ದೇವರು ಬಹುಶಃ ಇಲ್ಲ, ಚಿಂತೆ ಬಿಟ್ಟು ಸುಖವಾಗಿರಿ ಅನ್ನುವ ಅರ್ಥದ ಜಾಹೀರಾತು ಓಡಾಡಿತು. ಜಾಹೀರಾತು ನಿಯಂತ್ರಣ ಸಂಸ್ಥೆಗೆ ದೂರುಗಳು ಬಂದವು. ಇದು ಕೊಟ್ಟವರ ಅಭಿಪ್ರಾಯ, ಯಾರನ್ನೂ ದಾರಿತಪ್ಪಿಸುವುದಿಲ್ಲ, ನಿಯಮ ಮೀರಿಲ್ಲ ಅಂತ ಅದು ದೂರುಗಳನ್ನು ತಳ್ಳಿಹಾಕಿತು. ಅಷ್ಟರಲ್ಲಿ ಸೌತಾಂಪ್ಟನ್ನಿನ ಕ್ರೈಸ್ತ ಚಾಲಕರೊಬ್ಬರು ಈ ಬಸ್ಸನ್ನು ನಾನು ಓಡಿಸುವುದಿಲ್ಲ ಅಂತ ಕೆಲಸ ಬಿಟ್ಟು ಮನೆಗೆ ಹೋದರು. ಕಂಪನಿ ಅವರನ್ನು ಕರೆಸಿ ಮಾತಾಡಿತು. ಬೇರೆ ಬಸ್ಸು ಇಲ್ಲದಾಗ ಮಾತ್ರ ಆ ಬಸ್ಸು ಕೊಡುತ್ತೇವೆ ಅಂತ ಒಪ್ಪಂದವಾಗಿ, ಅವರು ಕೆಲಸಕ್ಕೆ ಮರಳಿದರು.